‘ನಿಂಗೆ ಏನಾಗ್ಬೇಕು?’: ಕನ್ನಡದ ನೆಂಟಸ್ತಿಕೆಯ ಲೆಕ್ಕ

ನಿಮ್ಮ ಅಮ್ಮನ ದೊಡ್ಡಪ್ಪನ ಮಗನ ಮಗಳು ನಿಮಗೆ ಏನಾಗಬೇಕು?

ಮದುವೆ ಮನೆಯಲ್ಲಿ ಇಂಥ ಪ್ರಶ್ನೆ ಬಂದರೆ ಅಜ್ಜಿಯರು ಎಲೆ ಅಡಿಕೆ ಮಡಚುತ್ತಲೇ ಉತ್ತರ ಕೊಡುತ್ತಾರೆ. ‘ನಾದಿನಿ ಆಗ್ಬೇಕು ಕಣೋ. ನಿನಗಿಂತ ದೊಡ್ಡೋಳಾದ್ರೆ ಅತ್ತಿಗೆ.’ ಕೇಳುವ ನಮಗೆ ಅಬ್ಬಾ ಎಂಥ ನೆನಪು ಅನ್ನಿಸುತ್ತದೆ. ಆದರೆ ಇದರಲ್ಲಿ ನೆನಪಿನ ಪಾತ್ರ ಕಡಿಮೆ. ಅಜ್ಜಿ ಆ ಹುಡುಗಿಯನ್ನು ಹಿಂದೆ ನೋಡಿಯೇ ಇರಲಿಕ್ಕಿಲ್ಲ. ಅವರು ಲೆಕ್ಕ ಹಾಕುತ್ತಾರೆ. ಆ ಲೆಕ್ಕದ ಸೂತ್ರ ತೀರಾ ಚಿಕ್ಕದು, ಐದು ನಿಮಿಷದಲ್ಲಿ ಯಾರು ಬೇಕಾದರೂ ಕಲಿಯಬಹುದು.

ಸೂತ್ರ ಹೀಗಿದೆ. ಅಣ್ಣ ತಮ್ಮಂದಿರು ಲೆಕ್ಕದಲ್ಲಿ ಒಂದೇ. ಅಕ್ಕ ತಂಗಿಯರೂ ಒಂದೇ. ನಡುವೆ ಗಂಡು ಹೆಣ್ಣು ಬದಲಾದರೆ ಮಾತ್ರ ದಾರಿ ಬೇರೆಯಾಗುತ್ತದೆ.

ಅಪ್ಪನ ಅಣ್ಣ ದೊಡ್ಡಪ್ಪ, ತಮ್ಮ ಚಿಕ್ಕಪ್ಪ. ಎರಡೂ ಪದಗಳ ಒಳಗೆ ಅಪ್ಪ ಕೂತಿದ್ದಾನೆ. ಅಮ್ಮನ ಅಕ್ಕ ದೊಡ್ಡಮ್ಮ, ತಂಗಿ ಚಿಕ್ಕಮ್ಮ. ಅಲ್ಲಿಯೂ ಅಮ್ಮ ಇದ್ದಾಳೆ. ಅಂದರೆ ಭಾಷೆಯ ಪ್ರಕಾರ ಇವರೆಲ್ಲ ಇನ್ನಷ್ಟು ಅಪ್ಪಂದಿರು, ಇನ್ನಷ್ಟು ಅಮ್ಮಂದಿರು. ಹಾಗಾಗಿ ಅವರ ಮಕ್ಕಳು ನಮಗೆ ನೇರವಾಗಿ ಅಣ್ಣ, ತಮ್ಮ, ಅಕ್ಕ, ತಂಗಿ. ಇನ್ನು ಅಪ್ಪನ ಅಕ್ಕ ತಂಗಿಯರನ್ನು ನೋಡಿ. ಅಪ್ಪ ಗಂಡು, ಅವರು ಹೆಣ್ಣು. ದಾರಿ ಬೇರೆಯಾಯಿತು, ಅವರು ಸೋದರತ್ತೆ. ಅಮ್ಮ ಹೆಣ್ಣು, ಅವಳ ಅಣ್ಣ ತಮ್ಮ ಗಂಡು. ಇಲ್ಲೂ ದಾರಿ ಬೇರೆ, ಅವರು ಸೋದರಮಾವ. ಇವರ ಮಕ್ಕಳು ನಮಗೆ ಅಣ್ಣ ತಂಗಿ ಆಗುವುದಿಲ್ಲ. ಭಾವ, ಮೈದುನ, ಅತ್ತಿಗೆ, ನಾದಿನಿ ಆಗುತ್ತಾರೆ.

ಈಗ ಮೊದಲಿನ ಪ್ರಶ್ನೆ ಬಿಡಿಸೋಣ. ಅಮ್ಮನ ದೊಡ್ಡಪ್ಪ ಅಂದರೆ ಅಮ್ಮನಿಗೆ ಇನ್ನೊಬ್ಬ ಅಪ್ಪ. ಅವರ ಮಗ ಅಮ್ಮನಿಗೆ ಅಣ್ಣನೋ ತಮ್ಮನೋ ಆದ. ಅಮ್ಮನ ಅಣ್ಣ ತಮ್ಮ ನಮಗೆ ಮಾವ. ಮಾವನ ಮಗಳು ನಾದಿನಿ. ಮುಗಿಯಿತು. ಅದೇ ದೊಡ್ಡಪ್ಪನ ಮಗಳ ಮಗಳಾಗಿದ್ದರೆ? ದೊಡ್ಡಪ್ಪನ ಮಗಳು ಅಮ್ಮನಿಗೆ ಅಕ್ಕ ಅಥವಾ ತಂಗಿ, ನಮಗೆ ದೊಡ್ಡಮ್ಮ ಅಥವಾ ಚಿಕ್ಕಮ್ಮ. ಅವರ ಮಗಳು ತಂಗಿ. ‘ಮಗನ’ ಅನ್ನುವ ಜಾಗಕ್ಕೆ ‘ಮಗಳ’ ಬಂದದ್ದಕ್ಕೆ ನಾದಿನಿ ಹೋಗಿ ತಂಗಿ ಆದಳು. ಇಷ್ಟಕ್ಕೇ ಮದುವೆ ಮಾತುಕತೆ ಶುರುವಾಗುವ ಮೊದಲೇ ನಿಂತುಹೋಗುತ್ತದೆ.

ಮದುವೆ ಮಾತು ಬಂದದ್ದು ಸುಮ್ನೆ ಅಲ್ಲ. ಈ ಇಡೀ ಪದಜಾಲದ ಬೆನ್ನೆಲುಬೇ ಮದುವೆ.

‘ಮಾವ’ ಅನ್ನುವ ಪದ ಯಾರು ಯಾರಿಗೆ ಸಲ್ಲುತ್ತದೆ ನೋಡಿ. ಅಮ್ಮನ ಅಣ್ಣ ತಮ್ಮ. ಸೋದರತ್ತೆಯ ಗಂಡ. ಹೆಂಡತಿಯ ತಂದೆ. ಗಂಡನ ತಂದೆ. ಹಿಂದಿಯಲ್ಲಿ ಇವರಿಗೆ ಮಾಮಾ, ಫೂಫಾ, ಸಸುರ್ ಅಂತ ಬೇರೆ ಬೇರೆ ಪದಗಳಿವೆ. ಕನ್ನಡಕ್ಕೆ ಒಂದೇ ಸಾಕಾಯಿತು. ‘ಅತ್ತೆ’ಯದ್ದೂ ಇದೇ ಕಥೆ. ಪದಗಳಿಗೆ ಬಡತನ ಬಂತು ಅಂತ ತಿಳಿಯಬೇಡಿ. ಮಾವನ ಮಗಳನ್ನೋ ಅತ್ತೆಯ ಮಗಳನ್ನೋ ಮದುವೆಯಾಗುವುದು ಸಹಜ ಅಂತ ಇದ್ದ ಸಮಾಜದಲ್ಲಿ ಸೋದರಮಾವನೇ ಮುಂದೆ ಹೆಣ್ಣು ಕೊಟ್ಟ ಮಾವ ಆಗುತ್ತಿದ್ದ. ಸೋದರತ್ತೆಯೇ ಗಂಡನ ತಾಯಿ ಆಗುತ್ತಿದ್ದಳು. ಎರಡು ಪದ ಯಾಕೆ ಬೇಕು? ಭಾವ, ಮೈದುನ, ಅತ್ತಿಗೆ, ನಾದಿನಿ ಅನ್ನುವ ಪದಗಳು ಅತ್ತೆ ಮಾವನ ಮಕ್ಕಳಿಗೂ ಸಲ್ಲುತ್ತವೆ, ಮದುವೆಯಿಂದ ಬಂದ ನೆಂಟರಿಗೂ ಸಲ್ಲುತ್ತವೆ. ಕಾರಣ ಅದೇ. ಫ್ರೆಂಚ್ ಮಾನವಶಾಸ್ತ್ರಜ್ಞ ಲೂಯಿ ದ್ಯುಮೋಂ 1953ರಲ್ಲಿ ಬರೆದ ಲೇಖನದ ತಿರುಳೂ ಇದೇ ಆಗಿತ್ತು: ದ್ರಾವಿಡ ಭಾಷೆಗಳ ಸಂಬಂಧಪದಗಳನ್ನು ರಕ್ತದ ನೆಂಟಸ್ತಿಕೆಯ ಪಟ್ಟಿ ಅಂತ ಓದಬಾರದು, ಮದುವೆಯ ಏರ್ಪಾಡು ಅಂತ ಓದಬೇಕು.

ಈ ಪದ್ಧತಿ ಹಳೆಯದು. ಬೌಧಾಯನ ಧರ್ಮಸೂತ್ರ ಎಂಬ ಪ್ರಾಚೀನ ಸಂಸ್ಕೃತ ಗ್ರಂಥ ದಕ್ಷಿಣದವರಿಗೇ ವಿಶೇಷವಾದ ಐದು ಆಚಾರಗಳನ್ನು ಹೇಳುವಾಗ ಸೋದರಮಾವನ ಮಗಳನ್ನು, ಸೋದರತ್ತೆಯ ಮಗಳನ್ನು ಮದುವೆಯಾಗುವುದನ್ನೂ ಎಣಿಸುತ್ತದೆ. ಉತ್ತರದವರಿಗೆ ಆಗಲೇ ಇದು ಹುಬ್ಬೇರಿಸುವ ವಿಷಯವಾಗಿತ್ತು.

ಇಲ್ಲಿ ಒಂದು ಅನುಮಾನ ಬರಬೇಕು. ಚಿಕ್ಕಪ್ಪನ ಮಗಳು ರಕ್ತಸಂಬಂಧ, ಅದಕ್ಕೇ ತಂಗಿ. ಹಾಗಾದರೆ ಮಾವನ ಮಗಳು ರಕ್ತಸಂಬಂಧ ಅಲ್ವಾ? ಖಂಡಿತ ಹೌದು. ಜೀವವಿಜ್ಞಾನದ ಲೆಕ್ಕದಲ್ಲಿ ಇಬ್ಬರೂ ಸಮ. ಚಿಕ್ಕಪ್ಪನ ಮಗಳಿರಲಿ, ಮಾವನ ಮಗಳಿರಲಿ, ನಮ್ಮ ಜೊತೆ ಹಂಚಿಕೊಂಡ ವಂಶವಾಹಿಗಳ ಪಾಲು ಸರಾಸರಿ ಎಂಟರಲ್ಲಿ ಒಂದು. ಹುಟ್ಟುವ ಮಕ್ಕಳಿಗೆ ಬರಬಹುದಾದ ತೊಂದರೆಯ ಸಾಧ್ಯತೆಯೂ ಎರಡೂ ಕಡೆ ಒಂದೇ. ಗೋತ್ರದಿಂದಲೂ ಪೂರ್ತಿ ವಿವರಣೆ ಸಿಗುವುದಿಲ್ಲ. ಚಿಕ್ಕಪ್ಪನ ಮಗಳದ್ದು ನಮ್ಮದೇ ಗೋತ್ರ, ಸರಿ. ಚಿಕ್ಕಮ್ಮನ ಮಗಳ ಗೋತ್ರ ಬೇರೆಯೇ ಇರಬಹುದು. ಗೋತ್ರದ ಬದಲು ಬೆಡಗು, ಬಳಿ ಅಂತ ನೋಡುವವರಲ್ಲೂ ಬೇರೆ ಇರಬಹುದು. ಆದರೂ ಅವಳನ್ನು ಮದುವೆಯಾಗುತ್ತೇನೆ ಅಂದರೆ ಮನೆಯವರು ಕಿವಿ ಮುಚ್ಚಿಕೊಳ್ಳುತ್ತಾರೆ. ಗೋತ್ರ ಬಿಟ್ಟರೂ ಭಾಷೆ ಬಿಡುವುದಿಲ್ಲ.

ಅಮೆರಿಕದ ಲೂಯಿಸ್ ಹೆನ್ರಿ ಮಾರ್ಗನ್ ಎಂಬ ವಕೀಲರಿಗೆ ಇದು ತಲೆ ಕೆಡಿಸಿತ್ತು. ಅವರು ತಮ್ಮೂರಿನ ಹತ್ತಿರದ ಇರೊಕ್ವಾ ಮೂಲನಿವಾಸಿಗಳ ಸಂಬಂಧಪದಗಳನ್ನು ಬರೆದಿಟ್ಟುಕೊಂಡಿದ್ದರು. ಅಲ್ಲೂ ಅಪ್ಪನ ತಮ್ಮ ಅಪ್ಪನೇ, ಅಮ್ಮನ ತಂಗಿ ಅಮ್ಮನೇ. ಆಮೇಲೆ ದಕ್ಷಿಣ ಭಾರತದಿಂದ ಮಿಷನರಿಗಳು ಕಳಿಸಿದ ಪಟ್ಟಿ ನೋಡಿದರೆ ಇದೇ ಜೋಡಣೆ! 1871ರಲ್ಲಿ ಅವರು ಲೋಕದ ನಾನಾ ಕಡೆಯ ಸಂಬಂಧಪದಗಳ ದೊಡ್ಡ ಗ್ರಂಥವನ್ನೇ ಪ್ರಕಟಿಸಿದರು. ಅಮೆರಿಕದ ಮೂಲನಿವಾಸಿಗಳು ಏಷ್ಯಾದಿಂದ ಹೋದವರು ಅನ್ನುವುದಕ್ಕೆ ಈ ಹೋಲಿಕೆಯೇ ಸಾಕ್ಷಿ ಅಂದರು. ಆ ವಾದ ನಿಲ್ಲಲಿಲ್ಲ. ಎರಡೂ ಪದ್ಧತಿಗಳು ಮೇಲ್ನೋಟಕ್ಕೆ ಮಾತ್ರ ಒಂದೇ, ದೂರದ ನೆಂಟರ ವಿಷಯಕ್ಕೆ ಬಂದರೆ ಲೆಕ್ಕ ಬೇರೆಯಾಗುತ್ತದೆ ಅಂತ 1964ರಲ್ಲಿ ಅಮೆರಿಕದ ಭಾಷಾಶಾಸ್ತ್ರಜ್ಞ ಫ್ಲಾಯ್ಡ್ ಲೌನ್ಸ್‌ಬರಿ ತೋರಿಸಿದರು. ಉದಾಹರಣೆಗೆ ಅಮ್ಮನ ಸೋದರಮಾವನ ಮಗ. ನಮ್ಮ ಲೆಕ್ಕದಲ್ಲಿ ಅಮ್ಮ ಮದುವೆಯಾಗಬಹುದಾಗಿದ್ದವನು ಅವನು, ಹಾಗಾಗಿ ಅಪ್ಪನ ಸಾಲಿಗೆ ಸೇರುತ್ತಾನೆ, ನಮಗೆ ಚಿಕ್ಕಪ್ಪನೋ ದೊಡ್ಡಪ್ಪನೋ ಆಗುತ್ತಾನೆ. ಇರೊಕ್ವಾ ಲೆಕ್ಕದಲ್ಲಿ ಅವನು ಅಮ್ಮನ ಕಡೆಯ ಗಂಡು, ಮಾವನ ಸಾಲು.

ಮುಂದಿನ ತಲೆಮಾರಿಗೆ ಬಂದರೆ ಲೆಕ್ಕ ಇನ್ನೂ ಸ್ವಾರಸ್ಯ. ರವಿ ಮತ್ತು ಸುಮಾ ಅಣ್ಣ ತಂಗಿ ಅಂದುಕೊಳ್ಳಿ. ಅವರಿಗೊಬ್ಬ ತಮ್ಮ ಇದ್ದಾನೆ, ಅವನಿಗೊಬ್ಬ ಮಗ. ಆ ಹುಡುಗ ರವಿಗೆ ಮಗ, ಸುಮಾಗೆ ಅಳಿಯ. ಹುಡುಗ ಒಬ್ಬನೇ, ಅಣ್ಣ ತಂಗಿಯ ಬಾಯಲ್ಲಿ ಪದ ಬೇರೆ. ಸುಮಾಳ ಮಗಳು ರವಿಗೆ ಸೊಸೆ. ಮಗನ ಹೆಂಡತಿಯೂ ಸೊಸೆ, ಮಗಳ ಗಂಡನೂ ಅಳಿಯ. ಗೊಂದಲ ಬೇಡ ಅಂತ ಈಗ ಸೋದರಸೊಸೆ, ಸೋದರಳಿಯ ಅನ್ನುತ್ತೇವೆ. ತುಳುನಾಡಿನಲ್ಲಿ ಈ ಅಳಿಯನ ಮೇಲೆ ಆಸ್ತಿಯೇ ನಿಂತಿತ್ತು. ಅಳಿಯಸಂತಾನ ಕಟ್ಟಿನಲ್ಲಿ ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುತ್ತದೆ. ಹಾಗಾಗಿ ಮನೆಯ ಯಜಮಾನಿಕೆ ಮಾವನಿಂದ ಅವನ ಅಕ್ಕ ತಂಗಿಯರ ಮಗನಿಗೆ ಹೋಗುತ್ತಿತ್ತು, ಸ್ವಂತ ಮಗನಿಗಲ್ಲ. 1949ರಲ್ಲಿ ಮದ್ರಾಸ್ ಸರ್ಕಾರ ಇದಕ್ಕೆ ಪ್ರತ್ಯೇಕ ಕಾನೂನನ್ನೇ ತಂದಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೂ ಅಳಿಯಸಂತಾನದವರಿಗೆ ಬೇರೆಯೇ ಕಲಮು ಇದೆ.

ಲೆಕ್ಕ ಗಂಟುಬೀಳುವುದು ಅಕ್ಕನ ಮಗಳನ್ನು ಮದುವೆಯಾದಾಗ. ಹೆಚ್ಚಿನ ಕಡೆ ಅಕ್ಕನ ಮಗಳಾದರೆ ಸರಿ, ತಂಗಿಯ ಮಗಳಾದರೆ ಬೇಡ ಅನ್ನುವ ರೂಢಿ. ಮದುವೆಯಾದ ಕೂಡಲೇ ಅಕ್ಕ ಅತ್ತೆಯಾದಳು, ಭಾವ ಮಾವನಾದ. ಹುಡುಗಿಗೆ ತಾಯಿಯ ತಾಯಿಯೇ ಗಂಡನ ತಾಯಿ, ಅಂದರೆ ಅಜ್ಜಿಯೇ ಅತ್ತೆ. ಅವರಿಗೆ ಮಗು ಹುಟ್ಟಿದರೆ ಅದಕ್ಕೆ ಅಮ್ಮನ ಅಮ್ಮ ಅಜ್ಜಿಯೂ ಹೌದು, ಅಪ್ಪನ ಅಕ್ಕ ಆದ್ದರಿಂದ ಸೋದರತ್ತೆಯೂ ಹೌದು. ಏನಂತ ಕರೆಯುವುದು? ಇಂಥ ಮನೆಗಳಲ್ಲಿ ಸಾಮಾನ್ಯವಾಗಿ ಹಳೆಯ ಸಂಬಂಧದ ಪದವೇ ಗೆಲ್ಲುತ್ತದೆ. ಹುಡುಗಿ ಅಜ್ಜಿಯನ್ನು ಕೊನೆವರೆಗೂ ಅಜ್ಜಿ ಅಂತಲೇ ಕರೆಯುತ್ತಾಳೆ. 1955ರ ಹಿಂದೂ ವಿವಾಹ ಕಾಯ್ದೆ ಸೋದರಮಾವ ಸೋದರಸೊಸೆಯ ಇಂಥ ಮದುವೆಯನ್ನು ನಿಷಿದ್ಧ ಸಂಬಂಧಗಳ ಪಟ್ಟಿಯಲ್ಲಿ ಇಟ್ಟಿದೆ. ಆದರೆ ಎರಡೂ ಕಡೆಯವರಲ್ಲಿ ರೂಢಿ ಇದ್ದರೆ ನಡೆಯುತ್ತದೆ ಅಂತಲೂ ಹೇಳಿದೆ. ದಕ್ಷಿಣದವರ ಪಾಲಿಗೆ ಆ ವಿನಾಯಿತಿಯೇ ಮುಖ್ಯ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೂ ಕರ್ನಾಟಕದಲ್ಲಿ ಸುಮಾರು ನಾಲ್ಕರಲ್ಲಿ ಒಂದು ಮದುವೆ ಸಂಬಂಧದೊಳಗೇ ಆದದ್ದು.

ಇಷ್ಟೂ ಒಂದೇ ಸೂತ್ರದ ಮಾತು. ಪದಗಳು ಮಾತ್ರ ಊರಿಂದ ಊರಿಗೆ ಬದಲಾಗುತ್ತವೆ. ವಿಜಯಪುರ, ಕಲಬುರಗಿ ಕಡೆ ತಾತ ಅಂದರೆ ಮುತ್ಯಾ, ಅಜ್ಜಿ ಅಂದರೆ ಆಯಿ. ಅದೇ ‘ಆಯಿ’ ಉತ್ತರ ಕನ್ನಡದ ಹವ್ಯಕರ ಮನೆಯಲ್ಲಿ ತಾಯಿ. ಶಿರಸಿಯ ಹುಡುಗ ‘ಆಯಿ ಅಡುಗೆ ಮಾಡ್ತಿದ್ದು’ ಅಂದದ್ದನ್ನು ವಿಜಯಪುರದ ಗೆಳೆಯ ಕೇಳಿಸಿಕೊಂಡರೆ, ಪಾಪ ಈ ವಯಸ್ಸಿನಲ್ಲೂ ಅಜ್ಜಿಗೆ ಕೆಲಸ ಹಚ್ಚಿದ್ದಾರಲ್ಲ ಅಂದುಕೊಂಡಾನು. ದಕ್ಷಿಣ ಕನ್ನಡದ ಹವ್ಯಕರಲ್ಲಿ ತಾಯಿ ಅಬ್ಬೆ. ತುಳುವಿನಲ್ಲಂತೂ ಹೊಸಬರು ಬೆಚ್ಚಿಬೀಳಬೇಕು: ಅಪ್ಪೆ ಅಂದರೆ ತಾಯಿ, ಅಮ್ಮೆ ಅಂದರೆ ತಂದೆ!

ಉತ್ತರ ಕರ್ನಾಟಕದಲ್ಲಿ ಮರಾಠಿಯ ನೆರಳು ದಟ್ಟ. ಚಿಕ್ಕಪ್ಪ ಕಾಕಾ ಆದ, ಅವನ ಹೆಂಡತಿ ಕಾಕು, ಎಷ್ಟೋ ಮನೆಗಳಲ್ಲಿ ಅಣ್ಣನ ಹೆಂಡತಿ ವೈನಿ. ಚಿಗವ್ವ, ದೊಡ್ಡವ್ವ ಪಕ್ಕದಲ್ಲೇ ಉಳಿದುಕೊಂಡಿದ್ದಾರೆ. ನನಗೆ ಮುಖ್ಯ ಅನ್ನಿಸುವುದು ಇದು: ಪದ ಮರಾಠಿಯದಾದರೂ ಲೆಕ್ಕ ಕನ್ನಡದ್ದೇ. ಕಾಕಾನ ಮಗ ಅಣ್ಣ ಅಥವಾ ತಮ್ಮನೇ, ಸೋದರಮಾವನ ಮಗ ಹಾಗಲ್ಲ. ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ 1953ರಲ್ಲಿ ಭಾರತದ ನೆಂಟಸ್ತಿಕೆಯ ಬಗ್ಗೆ ಬರೆಯುವಾಗ ಮಹಾರಾಷ್ಟ್ರವನ್ನು ಉತ್ತರ ದಕ್ಷಿಣಗಳ ನಡುವಿನ ಸೀಮೆ ಅಂತ ಗುರುತಿಸಿದ್ದರು. ಅಲ್ಲಿ ಎಷ್ಟೋ ಸಮುದಾಯಗಳಲ್ಲಿ ಮಾವನ ಮಗಳನ್ನು ತರುವುದು ನಡೆಯುತ್ತದೆ. ಗಡಿಯ ಎರಡೂ ಬದಿ ಪದ ಕೊಟ್ಟು ತೆಗೆದುಕೊಂಡಿವೆ.

ಮನೆಯೊಳಗಿನ ಇನ್ನೊಂದು ಸೋಜಿಗ ಅಕ್ಷರಗಳದ್ದು. ಅಪ್ಪ, ಅಮ್ಮ, ಅಣ್ಣ, ಅಕ್ಕ, ಅಜ್ಜ, ಅತ್ತೆ: ಇವೆಲ್ಲ ಎದುರಿಗಿದ್ದವರನ್ನು ಕರೆಯುವ ಪದಗಳು, ಎಲ್ಲವೂ ಅಕಾರದಿಂದ ಶುರು. ತಂದೆ, ತಾಯಿ, ತಮ್ಮ, ತಂಗಿ ಹೆಚ್ಚಾಗಿ ಬೇರೆಯವರಿಗೆ ಹೇಳುವಾಗ ಬಳಸುವ ಪದಗಳು. ‘ತಂದೇ, ಊಟಕ್ಕೆ ಬಾ’ ಅಂತ ಮನೆಯಲ್ಲಿ ಯಾರೂ ಕೂಗುವುದಿಲ್ಲ. ಈ ತಕಾರಕ್ಕೆ ಕಾರಣ ಇದೆ. ಅದು ‘ತಾನು’ ಅನ್ನುವುದರ ತುಂಡು. ಹಳೆಯ ತಮಿಳಿನಲ್ಲಿ ಎಂದೈ ಅಂದರೆ ನನ್ನ ತಂದೆ, ನುಂದೈ ಅಂದರೆ ನಿನ್ನ ತಂದೆ, ತಂದೈ ಅಂದರೆ ಅವನ ತಂದೆ. ತಮ್ಮನಿಗೂ ತಂಗಿಗೂ ಇಂಥದೇ ಮೂರು ಮೂರು ರೂಪಗಳಿದ್ದವು. ಕನ್ನಡದಲ್ಲಿ ಉಳಿದದ್ದು ಮೂರನೆಯದು ಮಾತ್ರ. ಅಂದರೆ ‘ನನ್ನ ತಂದೆ’ ಅಂದಾಗಲೆಲ್ಲ ನಾವು ಹಳೆಯ ಲೆಕ್ಕದಲ್ಲಿ ‘ನನ್ನ ಅವನ ಅಪ್ಪ’ ಅಂದಂತೆ. ಬಿಡಿ, ಈಗ ಯಾರಿಗೂ ಅದು ಕೇಳಿಸುವುದಿಲ್ಲ.

ಕೂಡುಕುಟುಂಬಗಳು ಈ ಲೆಕ್ಕವನ್ನೇ ತಲೆಕೆಳಗು ಮಾಡಿದ್ದೂ ಉಂಟು. ಹಳೇ ಮೈಸೂರಿನ ಎಷ್ಟೋ ಮನೆಗಳಲ್ಲಿ ಮಕ್ಕಳು ತಂದೆಯನ್ನು ಅಣ್ಣ ಅಂತ ಕರೆಯುತ್ತಾರೆ. ಯಾಕೆ? ಮನೆ ತುಂಬ ಚಿಕ್ಕಪ್ಪಂದಿರು. ಅವರೆಲ್ಲ ಹಿರಿಯವನನ್ನು ‘ಅಣ್ಣಾ’ ಅನ್ನುತ್ತಿದ್ದರು. ಮಾತು ಕಲಿಯುವ ಮಗುವಿಗೆ ದಿನವಿಡೀ ಕೇಳಿಸಿದ್ದು ಅದೇ, ಅದನ್ನೇ ಹಿಡಿದುಕೊಂಡಿತು. ಇದೇ ಕಾರಣಕ್ಕೆ ತಾಯಿ ಅಕ್ಕ ಆಗುವುದೂ ಉಂಟು. ಒಂದೇ ಮನೆಯಲ್ಲಿ ದೊಡ್ಡ ಮಗ ‘ಅಣ್ಣ’ ಅಂದದ್ದನ್ನು ಐದಾರು ವರ್ಷ ಬಿಟ್ಟು ಹುಟ್ಟಿದ ಮಗಳು ‘ಅಪ್ಪ’ ಅಂದರೆ ಅಚ್ಚರಿಪಡಬೇಡಿ. ಆ ಹೊತ್ತಿಗೆ ಚಿಕ್ಕಪ್ಪಂದಿರು ಬೇರೆ ಮನೆ ಮಾಡಿರುತ್ತಾರೆ. ಡಾ. ರಾಜ್‌ಕುಮಾರ್ ಮಕ್ಕಳಿಗೆ ಅಪ್ಪಾಜಿ, ನಾಡಿಗೆ ಅಣ್ಣಾವ್ರು. ಇಡೀ ನಾಡೇ ಒಂದು ಕೂಡುಕುಟುಂಬದಂತೆ ಕರೆದದ್ದು ಅದು. ಎಂಟುನೂರು ವರ್ಷಕ್ಕೂ ಹಿಂದೆ ಬಸವಣ್ಣ ಇದೇ ಪದಗಳನ್ನು ಬೇರೆ ಕೆಲಸಕ್ಕೆ ಹಚ್ಚಿದ್ದರು. ಮಾದಾರ ಚೆನ್ನಯ್ಯನನ್ನು ಅಪ್ಪ, ಡೋಹರ ಕಕ್ಕಯ್ಯನನ್ನು ಬೊಪ್ಪ ಅಂದರು. ಜಾತಿ ಮೀರಿ ಒಂದು ಮನೆ ಕಟ್ಟಲು ನೆಂಟಸ್ತಿಕೆಯ ಪದಗಳಷ್ಟು ಹತ್ತಿರದ ಸಾಮಾನು ಇನ್ನೇನಿತ್ತು?

ಇಷ್ಟು ತುಂಬಿದ ಪದಕೋಶದಲ್ಲಿ ಒಂದೇ ಒಂದು ಜಾಗ ಖಾಲಿ ಇದೆ. ಗಂಡನನ್ನು ಕರೆಯಲು ಹೆಂಡತಿಗೆ ಪದವಿಲ್ಲ, ಹೆಂಡತಿಯನ್ನು ಕರೆಯಲು ಗಂಡನಿಗೂ ಇಲ್ಲ. ಹೆಂಡತಿಯ ಹೆಸರನ್ನಾದರೂ ಹಿಡಿದು ಕೂಗಬಹುದು. ಗಂಡನ ಹೆಸರು ಹೇಳುವಂತಿಲ್ಲ ಅನ್ನುವ ಕಾಲದಲ್ಲಿ ಏನು ಮಾಡುವುದು? ‘ಏನೂಂದ್ರೆ’, ‘ಇವ್ರೇ’, ಮಗುವಿನ ಹೆಸರಿಗೆ ಸೇರಿಸಿ ‘ಪುಟ್ಟಿಯ ಅಪ್ಪ’. ಬೇರೆಯವರ ಮುಂದೆ ‘ನಮ್ಮ ಮನೆಯವರು’, ‘ಯಜಮಾನ್ರು’. ಎಲ್ಲಕ್ಕಿಂತ ಚಿಕ್ಕದು ‘ರೀ’. ಬನ್ರಿ, ಹೇಳ್ರಿ ಅನ್ನುವುದರ ಬಾಲವನ್ನಷ್ಟೇ ಕಿತ್ತು ಕರೆಯುವ ಪದ ಮಾಡಿಕೊಂಡರು. ಮೈಸೂರು ಕಡೆ ಹೆಂಗಸೊಬ್ಬಳು ‘ರೀ’ ಅಂತ ಕೂಗಿದರೆ ತಿರುಗಿ ನೋಡುವವನು ಗಂಡ. ಹುಬ್ಬಳ್ಳಿ ಧಾರವಾಡದಲ್ಲಿ ತರಕಾರಿ ಮಾರುವವರಿಗೂ ರೀ, ಮೇಷ್ಟ್ರಿಗೂ ರೀ, ಪ್ರತಿ ಮಾತಿನ ಕೊನೆಗೂ ರೀ. ಬೆಂಗಳೂರಿನಲ್ಲಿ ಅಪರಿಚಿತರಿಗೆ ‘ಏನ್ರೀ’ ಅಂದರೆ ಜಗಳಕ್ಕೆ ಬಂದಂತೆ ಕೇಳಿಸುತ್ತದೆ. ಪ್ರತ್ಯಯ ಒಂದೇ, ಬಸ್ಸಿಳಿದ ಊರಿನ ಮೇಲೆ ಮರ್ಯಾದೆ ನಿಂತಿದೆ.

ಹೆಸರು ಹೇಳಬಾರದು ಅನ್ನುವ ಕಟ್ಟಳೆಯಿಂದಲೇ ಉತ್ತರ ಕರ್ನಾಟಕದಲ್ಲಿ ಒಡಪು ಹುಟ್ಟಿತು. ಮದುವೆ, ಸೀಮಂತದಂಥ ಹೊತ್ತಿನಲ್ಲಿ ಹೆಂಗಸರು ಸುತ್ತ ಕೂತು ‘ಗಂಡನ ಹೆಸರು ಹೇಳವಾ’ ಅಂತ ಕಾಡುತ್ತಾರೆ. ಅವಳು ಪ್ರಾಸವಿರುವ ಸಾಲು ಕಟ್ಟಿ ಅದರ ಮಡಿಲಲ್ಲಿ ಹೆಸರಿಟ್ಟು ಹೇಳುತ್ತಾಳೆ. ಸಂಬಂಧದಲ್ಲೇ ಮದುವೆಯಾದವಳಿಗೆ ಮಾತ್ರ ಈ ಕಷ್ಟ ಸ್ವಲ್ಪ ಕಡಿಮೆ. ಚಿಕ್ಕಂದಿನಿಂದ ಮಾವ ಅಂತಲೋ ಭಾವ ಅಂತಲೋ ಕರೆದವನನ್ನು ಆಮೇಲೂ ಹಾಗೇ ಕರೆಯಬಹುದು.

ಅತ್ತೆ ಮಾವಂದಿರ ಹೆಸರನ್ನೂ ಸೊಸೆ ಹೇಳುವಂತಿರಲಿಲ್ಲ. ಆದರೆ ಮೊಮ್ಮಗನಿಗೆ ಅಜ್ಜನ ಹೆಸರಿಡುವುದೂ ರೂಢಿ. ಈಗ ತಾಯಿ ತನ್ನ ಮಗನನ್ನು ಏನಂತ ಕರೆಯಬೇಕು? ಅದಕ್ಕೇ ಎಷ್ಟೋ ಮನೆಗಳಲ್ಲಿ ಪುಟ್ಟ ಹುಡುಗರು ಅಪ್ಪು, ಅಜ್ಜಪ್ಪ, ತಾತಪ್ಪ. ನಿಜವಾದ ಹೆಸರು ಶಾಲೆಗೆ ಸೇರಿಸುವ ದಿನ ಹೊರಬರುತ್ತದೆ.

ಈಗಿನ ಮಕ್ಕಳಿಗೆ ಅಂಕಲ್, ಆಂಟಿ, ಕಸಿನ್ ಮೂರು ಪದ ಸಾಕು. ಇದಕ್ಕೆ ಇಂಗ್ಲಿಷ್ ಶಾಲೆಯನ್ನೇ ಬೈದರೆ ಪೂರ್ತಿ ನ್ಯಾಯವಾಗುವುದಿಲ್ಲ. ಮಾವನ ಮಗಳನ್ನು ಮದುವೆಯಾಗುವ ಯೋಚನೆಯೇ ಇಲ್ಲದ ಹುಡುಗನಿಗೆ ಚಿಕ್ಕಪ್ಪನ ಮಗಳೂ ಮಾವನ ಮಗಳೂ ಬೇರೆ ಅಂತ ಅನ್ನಿಸಬೇಕಾದ ಅಗತ್ಯವಾದರೂ ಏನು? ಪದ ಮರೆಯುವ ಮೊದಲು ಅದರ ಕೆಲಸ ಹೋಗಿದೆ. ಆದರೂ ಹಳೆಯ ಲೆಕ್ಕ ಅಷ್ಟು ಸುಲಭವಾಗಿ ಸಾಯುವುದಿಲ್ಲ. ಚಿಕ್ಕಪ್ಪನ ಮಗಳನ್ನು ಪರಿಚಯಿಸುವಾಗ ನಮ್ಮವರು ‘ಕಸಿನ್’ ಅಂತ ನಿಲ್ಲಿಸುವುದಿಲ್ಲ, ‘ಕಸಿನ್ ಸಿಸ್ಟರ್’ ಅನ್ನುತ್ತಾರೆ. ತಂಗಿ ಅನ್ನುವುದು ಎಲ್ಲಾದರೂ ಒಂದು ಕಡೆ ಬರಲೇಬೇಕು. ಗಂಡನ ಅಣ್ಣ ತಮ್ಮಂದಿರ ಹೆಂಡತಿಯನ್ನು ಓರಗಿತ್ತಿ, ನೆಗೆಣ್ಣಿ ಅನ್ನುತ್ತೇವೆ. ಹೆಂಡತಿಯ ಅಕ್ಕ ತಂಗಿಯರ ಗಂಡ ಷಡ್ಡಕ. ಈ ಎರಡಕ್ಕೂ ಇಂಗ್ಲಿಷಿನಲ್ಲಿ ಒಂಟಿ ಪದ ಸಿಗದೆ ದಕ್ಷಿಣದವರೇ ಕೋ-ಸಿಸ್ಟರ್, ಕೋ-ಬ್ರದರ್ ಅಂತ ಟಂಕಿಸಿಕೊಂಡರು. ಲಂಡನ್ನಿನವರಿಗೆ ಹೇಳಿ ನೋಡಿ, ಕಣ್ಣು ಕಣ್ಣು ಬಿಡುತ್ತಾರೆ. ಬೀಗರಿಗೆ ಮಾತ್ರ ಇನ್ನೂ ಯಾರೂ ಇಂಗ್ಲಿಷ್ ಪದ ಮಾಡಿಲ್ಲ. ಮಂಡ್ಯದ ಕಡೆಯ ಬೀಗರೂಟದ ಕರೆಯೋಲೆ ಇಂಗ್ಲಿಷಿನಲ್ಲಿ ಅಚ್ಚಾದರೂ ಆ ಒಂದು ಪದ ಹಾಗೇ ಉಳಿಯುತ್ತದೆ.